ಕಾಕಾ ಎಲ್ಲರೆದುರು ತಿದ್ದಿದರು, ಸಭೆ ಕರಗುತ್ತಿದೆ: ನಾಯಕತ್ವ ಬಿಡಲೇ?

ಪ್ರಶ್ನೆ: ಹುಮನಾಬಾದ್ ತಾಲೂಕಿನ ಒಂದು ಹಳ್ಳಿಯ ಮೆಥೋಡಿಸ್ಟ್ ಕ್ರೈಸ್ತ ಸಭೆ ನೋಡಿಕೊಳ್ಳುತ್ತೇನೆ. ವಯಸ್ಸು 31. ಪೇಟೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಪಾಸ್ಟರ್‌ಗೆ ಆರು ಹಳ್ಳಿ ಇರುವುದರಿಂದ ತಿಂಗಳಿಗೊಮ್ಮೆ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಆರಾಧನೆಗೆ) ಬರುತ್ತಾರೆ. ಉಳಿದ ಐತ್ವಾರದ ಪ್ರಸಂಗ, ಮನೆ ಪ್ರಾರ್ಥನೆ, ಸಂಡೇ ಸ್ಕೂಲ್, ಕಾಣಿಕೆ ಲೆಕ್ಕ ಎಲ್ಲ ನನ್ನ ಮೇಲೆ. ನನಗೆ ಸತ್ಯವೇದ (ಬೈಬಲ್) ಓದಲು, ಪ್ರಸಂಗ ಮಾಡಲು ಕಲಿಸಿದವರು ಊರಿನ ಹಿರಿಯ ಬೋಧಕರು, ನಾವು ಕಾಕಾ ಅನ್ನುತ್ತೇವೆ. ಮೂರು ತಿಂಗಳ ಹಿಂದೆ ನಾನು ಪ್ರಸಂಗ ಮಾಡುತ್ತಿದ್ದಾಗ ಅವರು ನಡುವೆ ಎದ್ದು ನಿಂತು 'ಇದು ತಪ್ಪು ಬೋಧನೆ' ಎಂದರು. ಅಂದಿನಿಂದ ಅಲ್ಲಿ ನಿಲ್ಲಲು ಕಾಲು ಬರುವುದಿಲ್ಲ. ಬೇಸರ ಹೇಳಿಕೊಂಡರೆ ಸಭೆಯವರು 'ಅಭಿಷಿಕ್ತರನ್ನು (ದೇವರು ಆರಿಸಿದವರನ್ನು) ಮುಟ್ಟಬಾರದು' ಎನ್ನುತ್ತಾರೆ. ಮೊದಲು 60 ಜನ ಬರುತ್ತಿದ್ದರು, ಈ ಜನವರಿಯಲ್ಲಿ 22. ಕಲಬುರಗಿಯ ಒಬ್ಬ ಬೋಧಕರು 'ಅಲ್ಲಿ ಬಿಟ್ಟು ನನ್ನ ಕೈಕೆಳಗೆ ಬಾ, ಬೆಳೆಸುತ್ತೇನೆ' ಎಂದು ಫೋನ್ ಮಾಡುತ್ತಿದ್ದಾರೆ. ಹೆಂಡತಿ 'ವಾರದಾಗ ಐದು ರಾತ್ರಿ ಹೊರಗ, ಅಂಗಡಿ ಬಂದ್, ಮಕ್ಕಳಿಗೆ ನಿಮ್ಮ ಮುಖ ಕಾಣಲ್ಲ' ಎಂದು ಅಳುತ್ತಾಳೆ. ದೇವರ ಕರೆ ನಿಜವಾಗಿದ್ದರೆ ಹೀಗಾಗುತ್ತಿತ್ತೇ? ಬಿಟ್ಟರೆ ದೇವರಿಗೆ ಬೆನ್ನು ಹಾಕಿದಂತೆಯೇ? ಬೈಬಲ್ ಕಾಲೇಜಿಗೆ ಹೋಗಲೇ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಈ ತಿಂಗಳು ಬಿಡುವ ತೀರ್ಮಾನ ಮಾಡಬೇಡಿ. ಈಗ ನಡೆಸುತ್ತಿರುವ ಹಾಗೆಯೇ ಮುಂದುವರಿಸಲೂ ಬೇಡಿ. ಕರಗುತ್ತಿರುವ ಹಾಜರಿ, ಒಬ್ಬರೇ ಹೊತ್ತಿರುವ ಭಾರ, ಕಾಕಾ ಮಾಡಿದ ನೋವು, ಕಲಬುರಗಿಯ ಕರೆ, ಈ ನಾಲ್ಕೂ ಒಂದೇ ಕಾಲಕ್ಕೆ ಮೈಮೇಲೆ ಬಿದ್ದಿವೆ. ಹಾಗಾಗಿ 'ನನ್ನ ಕರೆಯೇ ಸುಳ್ಳು' ಅನ್ನಿಸುತ್ತಿದೆ. ಒಂದೊಂದನ್ನೇ ಬಿಡಿಸಿ ನೋಡೋಣ.

ಹಾಜರಿಯಿಂದ ಶುರು ಮಾಡುತ್ತೇನೆ, ಏಕೆಂದರೆ ನಿಮ್ಮನ್ನು ಹೆಚ್ಚು ಹೆದರಿಸಿರುವುದು ಆ 22 ಎಂಬ ಅಂಕಿ. ನೀವು 60 ಎಣಿಸಿದ್ದು ಯಾವ ತಿಂಗಳಲ್ಲಿ? ಬೀದರ್, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹಳ್ಳಿ ಸಭೆಗೆ ಎರಡು ಲೆಕ್ಕ ಇರುತ್ತವೆ. ಜೂನ್‌ನಲ್ಲಿ ಮಿರಗ (ಮೃಗಶಿರ) ಮಳೆ ಬಿದ್ದು ಬಿತ್ತನೆಯಾದ ಮೇಲೆ ಜನ ಊರಲ್ಲಿರುತ್ತಾರೆ. ಆಗಸ್ಟ್ ಕೊನೆಗೆ ಹೆಸರು, ಉದ್ದಿನ ರಾಶಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಆಗ ಐತ್ವಾರವೂ ಹೊಲದಲ್ಲೇ. ಅದು ಮುಗಿಯುತ್ತಲೇ ಹೊಲವಿಲ್ಲದ ಮನೆಗಳು ಹೈದರಾಬಾದ್, ಪುಣೆ, ಮುಂಬೈ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಕೆಲವರು ಯುಗಾದಿಗೆ, ಉಳಿದವರು ಮತ್ತೆ ಮಿರಗಕ್ಕೇ ಬರುವುದು. ಕ್ರಿಸ್ಮಸ್‌ಗೆ ಬಂದು ಹೋದ ಜನರನ್ನು ಎಣಿಸಿ 'ಸಭೆ ಬೆಳೆಯಿತು' ಎಂದು ಹಿಗ್ಗುವುದೂ ತಪ್ಪು, ಜನವರಿ ಕೊನೆಯಲ್ಲಿ ಎಣಿಸಿ ಕುಗ್ಗುವುದೂ ತಪ್ಪು. ಈ ಜನವರಿಯನ್ನು ಹೋದ ಜನವರಿಯ ಜತೆ ಹೋಲಿಸಬೇಕು.

ಅದಕ್ಕೆ ಒಂದು 200 ಪುಟದ ನೋಟ್‌ಬುಕ್ ಸಾಕು. ಒಂದು ಮನೆಗೆ ಒಂದು ಪುಟ. ಮೇಲೆ ಮನೆಯವರ ಹೆಸರು, ಫೋನ್ ನಂಬರು. ಕೆಳಗೆ ಪ್ರತಿ ಐತ್ವಾರ ಬಾರದವರ ಮುಂದೆ ಒಂದು ಅಕ್ಷರ: ಗುಳೆ ಹೋದವರಿಗೆ 'ಗು', ಕಾಯಿಲೆ ಅಥವಾ ವಯಸ್ಸಾಗಿ ಬರಲಾರದವರಿಗೆ 'ಕಾ', ಬೇರೆ ಸಭೆಗೆ ಹೋಗುತ್ತಿರುವವರಿಗೆ 'ಬೇ', ಯಾವ ಕಾರಣವೂ ತಿಳಿಸದೆ ಬಿಟ್ಟವರಿಗೆ 'ಸು', ಅಂದರೆ ಸುಮ್ಮನೆ. ನಾಲ್ಕು ವಾರ ಬರೆದು ನೋಡಿ. ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ದೊಡ್ಡ ಗುಂಪು 'ಗು', ಅವರು ನಿಮ್ಮನ್ನು ಬಿಟ್ಟವರಲ್ಲ. ಐತ್ವಾರ ಸಂಜೆ ಅವರಿಗೆ ಫೋನ್ ಮಾಡಿ, ಅವರು ಕೆಲಸ ಮಾಡುವ ಕಡೆ ಹತ್ತಿರದ ಸಭೆ ಯಾವುದೆಂದು ಹುಡುಕಿಕೊಡಿ, ಮಕ್ಕಳ ಶಾಲೆ ತಪ್ಪಿದೆಯೇ ಕೇಳಿ. 'ಕಾ' ಮನೆಗಳಿಗೆ ಪಾಸ್ಟರ್ ಬಂದ ದಿನ ಕರ್ತನ ಭೋಜನ ತಲುಪುವಂತೆ ಮೊದಲೇ ಪಟ್ಟಿ ಕೊಡಿ.

ನಿಮ್ಮ ನಿಜವಾದ ಕೆಲಸ 'ಸು' ಎಂಬ ಮನೆಗಳಲ್ಲಿದೆ. ಅಲ್ಲಿ ನೂರಕ್ಕೆ ನೂರು ಪ್ರಸಂಗವೇ ಕಾರಣ ಎಂದು ನಾಯಕರು ತಿಳಿಯುತ್ತಾರೆ. ಹೋಗಿ ಕೂತು ಕೇಳಿದರೆ ಬೇರೆಯೇ ಬರುತ್ತದೆ: ಕ್ರಿಸ್ಮಸ್ ಪಟ್ಟಿ (ಚಂದಾ) ಎತ್ತುವಾಗ ಆದ ಮಾತು, ಮದುವೆ ಮಾತುಕತೆಯಲ್ಲಿ ಮುರಿದ ಸಂಬಂಧ, ಅಣ್ಣತಮ್ಮಂದಿರ ಜಾಗದ ಜಗಳ, ತಾಯಿ ಸತ್ತಾಗ ಯಾರೂ ಬರಲಿಲ್ಲ ಎಂಬ ಸಂಕಟ. ಎರಡು ವಾರದೊಳಗೆ ಹೋದರೆ ಮಾತು ಬಿಚ್ಚುತ್ತಾರೆ, ಆರು ತಿಂಗಳು ಬಿಟ್ಟರೆ ಬಾಗಿಲಲ್ಲೇ 'ಬರ್ತೀವ್ರಿ' ಎಂದು ಕಳಿಸುತ್ತಾರೆ. ಆ ಪುಸ್ತಕ ನಿಮ್ಮ ಮನೆಯ ಟ್ರಂಕಿನಲ್ಲಿರಲಿ. ಅದನ್ನು ಸಭೆಯಲ್ಲಿ ಓದಿದ ದಿನ, ಬರುತ್ತಿರುವವರೂ ನಿಲ್ಲಿಸುತ್ತಾರೆ.

ಈಗ ಭಾರದ ಮಾತು. ನಮ್ಮಲ್ಲಿ ಬಹಳ ಬೇರೂರಿದ ಒಂದು ನಂಬಿಕೆ ಇದೆ: ದೇವರು ಕರೆದವನು ದಣಿಯುವುದಿಲ್ಲ, ದಣಿದರೆ ಪ್ರಾರ್ಥನೆ ಸಾಲದು. ಸತ್ಯವೇದ ಹಾಗೆ ಹೇಳುವುದಿಲ್ಲ. ವಿಮೋಚನಕಾಂಡ 18ರಲ್ಲಿ ಮೋಶೆ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಿದ್ದ. ಮಾವ ಇತ್ರೋನ ಬಂದು ನೋಡಿ, 'ನೀನು ಮಾಡುವುದು ಸರಿಯಲ್ಲ, ನೀನೂ ಬಳಲುತ್ತೀ, ಈ ಜನರೂ ಬಳಲುತ್ತಾರೆ' ಎಂಬರ್ಥದ ಮಾತು ಹೇಳಿ, ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬರನ್ನು ನೇಮಿಸಲು ಹೇಳಿದ. ಮೋಶೆಯ ಕರೆಯ ಬಗ್ಗೆ ಇತ್ರೋನ ಒಂದು ಮಾತೂ ಎತ್ತಲಿಲ್ಲ. ತಪ್ಪು ವ್ಯವಸ್ಥೆಯಲ್ಲಿತ್ತು. ಇನ್ನೊಂದು ಮಾತು ಗಮನಿಸಿ: ಇತ್ರೋನ ಮಿದ್ಯಾನಿನ ಯಾಜಕ, ಹೊರಗಿನವನು, ಆದರೂ ಮೋಶೆ ಕೇಳಿದ.

ಒಂದನೆಯ ಅರಸುಗಳು 19ರ ಪ್ರವಾದಿ ಎಲೀಯನನ್ನೂ ನೋಡಿ. 'ಸಾಕು, ನನ್ನ ಪ್ರಾಣ ತೆಗೆದುಕೋ' ಎಂದು ಗಿಡದ ಕೆಳಗೆ ಮಲಗಿದವನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ, ರೊಟ್ಟಿ, ನೀರು, ಅದೂ ಎರಡು ಸಲ. ಮಾತು ಬಂದದ್ದು ಆಮೇಲೆ. ಆ ಮಾತಿನಲ್ಲಿಯೂ 'ನೀನು ಒಬ್ಬನೇ ಅಲ್ಲ, ಏಳು ಸಾವಿರ ಜನ ಇದ್ದಾರೆ, ಎಲೀಷನನ್ನು ನಿನ್ನ ಸ್ಥಾನಕ್ಕೆ ಅಭಿಷೇಕಿಸು' ಎಂಬುದಿತ್ತು. ಸೈರಣೆ ಎಂದರೆ ಎಲ್ಲವನ್ನೂ ಒಬ್ಬನೇ ಹೊತ್ತು ನಿಲ್ಲುವುದು ಎಂದು ನಿಮಗೆ ಕಲಿಸಿದ್ದರೆ, ಅದನ್ನು ಈಗ ತಿದ್ದಿಕೊಳ್ಳಿ. ಹಂಚುವುದೂ, ಮುಂದಿನವನನ್ನು ಸಿದ್ಧ ಮಾಡುವುದೂ ಸೈರಣೆಯ ಒಳಗೇ ಬರುತ್ತವೆ.

ನಿಮ್ಮ ಸಭೆ ಮೆಥೋಡಿಸ್ಟ್ ಆದ್ದರಿಂದ ಹಂಚುವ ದಾರಿ ನಿಮ್ಮ ಮನೆಯಲ್ಲೇ ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಬೇಕಿತ್ತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲಿ, ಸುಮಾರು ಹನ್ನೆರಡು ಜನರಿಗೆ ಒಬ್ಬ ಮುಖಂಡ ಮನೆ ಮನೆಗೆ ಹೋಗಿ ಅದನ್ನು ಎತ್ತಲಿ ಎಂದು ಸಭೆಯ ಒಬ್ಬರು ಸಲಹೆ ಕೊಟ್ಟರು. ಹಣಕ್ಕೆಂದು ಹೋದ ಮುಖಂಡರು ಮನೆಗಳ ಜಗಳ, ಕುಡಿತ ಕಂಡು ಬಂದು, ಮೆಥೋಡಿಸ್ಟ್ ಚಳವಳಿ ಶುರು ಮಾಡಿದ ಜಾನ್ ವೆಸ್ಲಿಗೆ ಹೇಳಿದರು. ಜನರನ್ನು ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲವೆಂದು ವೆಸ್ಲಿ ಅದನ್ನೇ ಕ್ಲಾಸ್ ಮೀಟಿಂಗ್, ಅಂದರೆ ಸಣ್ಣ ಗುಂಪಿನ ಕೂಟವಾಗಿ ಬೆಳೆಸಿದರು. ಆ ಮುಖಂಡರಲ್ಲಿ ಹೆಚ್ಚಿನವರು ಪಾದ್ರಿಗಳಲ್ಲ, ನಿಮ್ಮಂತೆ ಕೈಕಸುಬಿನ ಜನ. ಹೆಂಗಸರೂ ಇದ್ದರು.

ನಿಮ್ಮ ಊರಲ್ಲಿ ಇದನ್ನು ಹೀಗೆ ಮಾಡಬಹುದು. ಸಭೆಗೆ 24 ಮನೆ ಇವೆ ಎಂದುಕೊಳ್ಳಿ. ನಾಲ್ಕು ಜನರಿಗೆ ಆರಾರು ಮನೆ. ನಾಲ್ವರಲ್ಲಿ ಇಬ್ಬರಾದರೂ ಮಹಿಳಾ ಸಂಘದವರಿರಲಿ, ಏಕೆಂದರೆ ಹಗಲು ಮನೆಯಲ್ಲಿ ಇರುವವರ ಜತೆ ಮಾತಾಡಬಲ್ಲವರು ಅವರೇ. ಒಬ್ಬೊಬ್ಬರಿಗೂ ಕೆಲಸ ಒಂದೇ: ಹದಿನೈದು ದಿನಕ್ಕೊಮ್ಮೆ ಆ ಆರು ಮನೆಗೆ ಹೋಗುವುದು, ಹತ್ತು ನಿಮಿಷ ಕೂರುವುದು, ಒಂದು ಕೀರ್ತನೆ ಓದಿ ಪ್ರಾರ್ಥಿಸುವುದು, ಕಂಡದ್ದನ್ನು ನಿಮಗೆ ಹೇಳುವುದು. ಪ್ರಸಂಗ ಮಾಡಬೇಕಿಲ್ಲ. ಪ್ರತಿ ತಿಂಗಳ ಮೊದಲ ಶನಿವಾರ ನಾಲ್ವರೂ ನೀವೂ ಒಂದು ಗಂಟೆ ಕೂರಿ. ಇದರಲ್ಲಿ ಕೆಡುವುದು ಎರಡು ಕಡೆ. ಒಂದು, ಯಾರನ್ನೂ ಕೇಳದೆ ನೀವೇ ಐತ್ವಾರ ಹೆಸರು ಕೂಗುವುದು. ಮೊದಲು ಮನೆಗೆ ಹೋಗಿ ಕೇಳಿ, ಪಾಸ್ಟರ್‌ಗೆ ತಿಳಿಸಿ, ಅವರ ಬಾಯಿಂದಲೇ ಹೆಸರು ಹೇಳಿಸಿ. ಇನ್ನೊಂದು, ಒಪ್ಪಿಸಿದ ಮೇಲೂ ಅವರ ಹಿಂದೆಯೇ ನೀವು ಆ ಮನೆಗೆ ಹೋಗುವುದು. ಹಾಗೆ ಮಾಡಿದರೆ ಎರಡೇ ತಿಂಗಳಲ್ಲಿ ಅವರು ಕೈಬಿಡುತ್ತಾರೆ.

ಕಾಣಿಕೆ ಲೆಕ್ಕವನ್ನು ಮಾತ್ರ ನಾಳೆಯೇ ನಿಮ್ಮ ಕೈಯಿಂದ ಇಳಿಸಿ. ನೀವು ಪ್ರಾಮಾಣಿಕರೆಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೂ ಪ್ರಸಂಗ ಮಾಡುವವನೇ ಹಣ ಎಣಿಸಬಾರದು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನೇ ಯೆರೂಸಲೇಮಿನ ಬಡವರಿಗೆಂದು ಕೂಡಿಸುವ ಹಣದ ಕೆಲಸಕ್ಕೆ ತೀತನ ಜತೆಗೆ ಇನ್ನೂ ಕೆಲವು ಸಹೋದರರನ್ನು ಕಳಿಸುತ್ತಾನೆ, ಯಾರೂ ತಪ್ಪು ಹೊರಿಸದಂತೆ. ಆರಾಧನೆ ಮುಗಿದ ಕೂಡಲೇ, ಮಂದಿರದಲ್ಲೇ, ಇಬ್ಬರು ಎಣಿಸಲಿ. ಆ ಇಬ್ಬರು ಒಂದೇ ಮನೆಯವರಾಗಿರಬಾರದು. ಇಬ್ಬರ ಸಹಿ, ರಸೀದಿ, ಸೋಮವಾರ ಬ್ಯಾಂಕು. ತಿಂಗಳಿಗೊಮ್ಮೆ ಬಂದದ್ದು, ಹೋದದ್ದು, ಉಳಿದದ್ದು ಎಂದು ಮೂರು ಸಾಲು ಓದಿ ಹೇಳಲಿ. ಹಳ್ಳಿ ಸಭೆಗಳಲ್ಲಿ ಒಳ್ಳೆಯ ನಾಯಕರ ಹೆಸರು ಕೆಟ್ಟದ್ದು ಬಹುತೇಕ ಕದ್ದಿದ್ದರಿಂದ ಅಲ್ಲ, ಲೆಕ್ಕ ತಲೆಯಲ್ಲಿ ಇಟ್ಟುಕೊಂಡಿದ್ದರಿಂದ.

ಹೆಂಡತಿಯ ಮಾತನ್ನು ನೀವು 'ಒತ್ತಡ' ಎಂದು ನೋಡುತ್ತಿದ್ದೀರಿ. ಅದು ನಿಮಗೆ ಸಿಕ್ಕಿರುವ ಅತ್ಯಂತ ನಿಖರವಾದ ವರದಿ. ಐದು ರಾತ್ರಿಯನ್ನು ಎರಡಕ್ಕೆ ಇಳಿಸಿ: ಬುಧವಾರ ಮನೆ ಪ್ರಾರ್ಥನೆ, ಶುಕ್ರವಾರ ಭೇಟಿ. ಸಾವು, ಅಪಘಾತ ಬಂದರೆ ಮಾತ್ರ ಹೊರತು. ರಾತ್ರಿ ಎಂಟೂವರೆಯ ಮೇಲೆ ಮನೆಯಲ್ಲಿರಿ. ಅಂಗಡಿಯ ಸಮಯ ಮುಟ್ಟಬೇಡಿ. ಬೋರ್‌ವೆಲ್ ಮೋಟಾರ್ ಸುಟ್ಟು ಬಂದ ರೈತನಿಗೆ ಹೊತ್ತಿಗೆ ಸರಿಯಾಗಿ ಕಟ್ಟಿಕೊಡುವುದೂ ನಿಮ್ಮ ಸಾಕ್ಷಿಯೇ. ಒಂದನೆಯ ತಿಮೊಥೆಯ 3ರಲ್ಲಿ, ಸ್ವಂತ ಮನೆ ನಡೆಸಲು ತಿಳಿಯದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ಪೌಲ ಕೇಳುವುದು ನಾಯಕನ ಅರ್ಹತೆಯ ಪಟ್ಟಿಯಲ್ಲೇ. ನಮ್ಮ ಹಳೆಯ ನಿಜಾಮರ ಸೀಮೆಯಲ್ಲೇ ಇದಕ್ಕೆ ಒಳ್ಳೆಯ ಮಾದರಿ ಇದೆ. 1912ರಲ್ಲಿ ಈಗಿನ ತೆಲಂಗಾಣದ ದೋರ್ನಕಲ್‌ನ ಬಿಷಪ್ ಆದ ವಿ.ಎಸ್. ಅಜರಯ್ಯ, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್, ಹಳ್ಳಿಗಳಿಗೆ ಉಪದೇಶಕರನ್ನು ತಯಾರು ಮಾಡುವಾಗ ಅವರ ಹೆಂಡತಿಯರಿಗೂ ಕಲಿಸಿದರು. ಹಳ್ಳಿಯಲ್ಲಿ ಸಭೆ ಕಟ್ಟುವುದು ಒಂದು ಮನೆತನ, ಒಬ್ಬ ಗಂಡಸಲ್ಲ ಎಂಬುದು ಅವರಿಗೆ ಗೊತ್ತಿತ್ತು. ನಿಮ್ಮ ನಾಲ್ವರು ಮುಖಂಡರಲ್ಲಿ ಒಬ್ಬರು ನಿಮ್ಮ ಹೆಂಡತಿಯೇ ಆಗಬಹುದು, ಅವರಿಗೆ ಮನಸ್ಸಿದ್ದರೆ.

ಇನ್ನು ಕಾಕಾ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿ: ಅವರು ಹೇಳಿದ್ದು ಸರಿಯೇ? ಹೇಳಿದ ರೀತಿ ಸರಿಯೇ? ಮನಸ್ಸು ನೊಂದಾಗ ಎರಡನೆಯದಕ್ಕೆ 'ಇಲ್ಲ' ಎಂದ ಕೂಡಲೇ ಮೊದಲನೆಯದನ್ನೂ ಕೈಬಿಡುತ್ತೇವೆ. ಅಂದಿನ ಪ್ರಸಂಗದ ಟಿಪ್ಪಣಿ ತೆಗೆದು ಪಾಸ್ಟರ್ ಮುಂದೆ ಇಡಿ. 'ಇದರಲ್ಲಿ ಬೋಧನೆಯ ತಪ್ಪು ಇದೆಯೇ, ಎಲ್ಲಿ' ಎಂದಷ್ಟೇ ಕೇಳಿ, ಕಾಕಾ ಮೇಲಿನ ದೂರು ಆ ದಿನ ಬೇಡ. ತಪ್ಪಿದ್ದರೆ ಒಪ್ಪಿಕೊಳ್ಳಿ. ರೀತಿಯ ಬಗ್ಗೆ ಅಪೊಸ್ತಲರ ಕೃತ್ಯಗಳು 18ರಲ್ಲಿ ತೀರ್ಪು ಸ್ಪಷ್ಟವಾಗಿದೆ. ಅಪೊಲ್ಲೋಸ ಸಭಾಮಂದಿರದಲ್ಲಿ ಅರ್ಧ ತಿಳಿದು ಧೈರ್ಯವಾಗಿ ಬೋಧಿಸುತ್ತಿದ್ದ. ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಕೇಳಿಸಿಕೊಂಡರು, ನಡುವೆ ಎದ್ದು ನಿಲ್ಲಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ಅಪೊಲ್ಲೋಸ ಮುಂದೆ ದೊಡ್ಡ ಬೋಧಕನಾದ. ಗಲಾತ್ಯ 2ರಲ್ಲಿ ಪೌಲ ಪೇತ್ರನನ್ನು ಎಲ್ಲರೆದುರು ಖಂಡಿಸಿದ್ದುಂಟು. ಆದರೆ ಅಲ್ಲಿ ತಪ್ಪು ಮಾಡಿದವನು ಹಿರಿಯ, ಮತ್ತು ಅವನ ನಡತೆಯಿಂದ ಅನ್ಯಜನರ ವಿಶ್ವಾಸಿಗಳು ಊಟದ ಪಂಕ್ತಿಯಿಂದ ಹೊರಗಾಗುತ್ತಿದ್ದರು. ಕಲಿಯುತ್ತಿರುವ ಕಿರಿಯನ ವಿವರಣೆಯ ತಪ್ಪಿಗೆ ಅದನ್ನು ಅನ್ವಯಿಸಲು ಬರುವುದಿಲ್ಲ.

'ಅಭಿಷಿಕ್ತರನ್ನು ಮುಟ್ಟಬಾರದು' ಎಂಬ ಮಾತು ಕೀರ್ತನೆ 105ರ 15ನೆಯ ವಚನ. ಅದರ ಹಿಂದಿನ ಮೂರು ವಚನ ಓದಿ. ಅಬ್ರಹಾಮ, ಇಸಾಕ, ಯಾಕೋಬರು ಸ್ವಲ್ಪ ಜನರಾಗಿ, ಪರದೇಶಿಗಳಾಗಿ ದೇಶದಿಂದ ದೇಶಕ್ಕೆ ಅಲೆಯುತ್ತಿದ್ದಾಗ ಅವರಿಗೆ ಹಾನಿ ಮಾಡದಂತೆ ದೇವರು ಅರಸರನ್ನು ಗದರಿಸಿದ ಮಾತದು. ಬಲವಿಲ್ಲದವರನ್ನು ಬಲವುಳ್ಳವರಿಂದ ಕಾಯುವ ವಚನವನ್ನು, ಬಲವುಳ್ಳವರನ್ನು ಪ್ರಶ್ನೆಯಿಂದ ಕಾಯಲು ಬಳಸುವುದು ನಮ್ಮ ಕಡೆ ಬಹಳ ನಡೆದಿದೆ, ಅದರಿಂದ ಬಹಳ ಎಳೆಯರು ಸಭೆ ಬಿಟ್ಟು ಹೋಗಿದ್ದಾರೆ. ತನ್ನನ್ನು ಕೊಲ್ಲಲು ಬೆನ್ನಟ್ಟಿದ ಅರಸ ಸೌಲನಿಗೂ ದಾವೀದ ಕೈ ಎತ್ತಲಿಲ್ಲ ಎಂಬುದನ್ನೂ ಇದರ ಜತೆ ಹೇಳುತ್ತಾರೆ. ನಿಜ, ಎತ್ತಲಿಲ್ಲ. ಆದರೆ ಒಂದನೆಯ ಸಮುವೇಲ 24ರಲ್ಲಿ ದಾವೀದ ಗವಿಯಿಂದ ಹೊರಗೆ ಬಂದು, ಸೌಲನ ನಿಲುವಂಗಿಯ ಕತ್ತರಿಸಿದ ಅಂಚನ್ನು ಕೈಯಲ್ಲಿ ಹಿಡಿದು, ನೀನು ಮಾಡುತ್ತಿರುವುದು ಅನ್ಯಾಯ ಎಂದು ಬಾಯಿ ಬಿಟ್ಟು ಹೇಳಿದ. 'ಅಪ್ಪಾ' ಎಂದೇ ಕರೆದು ಹೇಳಿದ. 26ನೆಯ ಅಧ್ಯಾಯದಲ್ಲಿ ಸೌಲ 'ಮಗನೇ, ತಿರುಗಿ ಬಾ' ಎಂದಾಗ ಅವನ ಹಿಂದೆ ಹೋಗಲಿಲ್ಲ, ತನ್ನ ದಾರಿ ಹಿಡಿದ. ಗೌರವ, ನೇರ ಮಾತು, ಬೇಕಾದಷ್ಟು ದೂರ, ಮೂರೂ ಒಟ್ಟಿಗೆ ಇರಬಲ್ಲವು.

ಕಾಕಾ ಜತೆ ಮಾತಾಡುವುದು ಹೇಗೆ? ಮತ್ತಾಯ 18ರ ಮೊದಲ ಹೆಜ್ಜೆ ಒಬ್ಬರೇ ಹೋಗುವುದು. ಐತ್ವಾರ ಬೇಡ, ಫೋನಿನಲ್ಲಿ ಬೇಡ, ವಾಟ್ಸಾಪ್‌ನಲ್ಲಿ ಖಂಡಿತ ಬೇಡ. ಸೋಮವಾರ ಅಥವಾ ಮಂಗಳವಾರ ಸಂಜೆ, ಅವರು ಊಟಕ್ಕೆ ಮೊದಲು ಕಟ್ಟೆಯ ಮೇಲೆ ಒಬ್ಬರೇ ಕೂತಿರುವ ಹೊತ್ತಿಗೆ ಹೋಗಿ. ಒಂದನೆಯ ತಿಮೊಥೆಯ 5ರ ಮೊದಲ ವಚನ ನಿಮಗೇ ಬರೆದಂತಿದೆ: ವೃದ್ಧನನ್ನು ಗದರಿಸದೆ ತಂದೆಯಂತೆ ಭಾವಿಸಿ ಬುದ್ಧಿ ಹೇಳು. ಮಾತು ನಾಲ್ಕು ವಾಕ್ಯ ಮೀರದಿರಲಿ. ಹೀಗೆ ಹೇಳಬಹುದು: 'ಕಾಕಾ, ನನಗ ಅಕ್ಷರ ಕಲಿಸಿದವರು ನೀವು, ಅದು ನಾ ಮರ್ತಿಲ್ಲ. ಆ ಐತ್ವಾರ ನಾ ಹೇಳಿದ್ದರಾಗ ತಪ್ಪಿತ್ತು ಅಂದ್ರ ತಿದ್ಕೋತೀನ್ರಿ. ಆದ್ರ ಎಲ್ಲರ ಮುಂದ ನಿಂತು ಹೇಳಿದ್ದು ಭಾಳ ನೋವಾಗ್ಯದ, ಅವತ್ತಿನಿಂದ ಅಲ್ಲಿ ನಿಲ್ಲಾಕ ಆಗವಲ್ದು. ಇನ್ನ ಮ್ಯಾಲೆ ಶನಿವಾರ ನಾನೇ ಬಂದು ಪ್ರಸಂಗ ಓದಿ ತೋರಸ್ತೀನಿ, ಮನ್ಯಾಗೇ ತಿದ್ರಿ.' ಆಮೇಲೆ ಸುಮ್ಮನಿರಿ. ಅವರು ಸಿಟ್ಟಾಗಬಹುದು. ಆ ದಿನವೇ ಒಪ್ಪಬೇಕೆಂದು ಹಟ ಹಿಡಿಯಬೇಡಿ. ಇಂಥ ಹಿರಿಯರು ಬಹಳ ಸಲ ಬಾಯಿಂದ ಕ್ಷಮೆ ಕೇಳುವುದಿಲ್ಲ, ಮುಂದಿನ ವಾರ ಹೆಸರು ಹಿಡಿದು ಕರೆದು ಚಹಾ ಕೊಡುತ್ತಾರೆ. ಅದನ್ನು ಗುರುತಿಸುವಷ್ಟು ದೊಡ್ಡ ಮನಸ್ಸು ನಿಮಗಿರಲಿ.

ಅವರು ಏಕೆ ಹಾಗೆ ಮಾಡಿದರು ಎಂಬುದಕ್ಕೂ ಒಂದು ಮಾತು. ವರ್ಷಗಟ್ಟಲೆ ಒಬ್ಬರೇ ಸಭೆ ಹೊತ್ತವರಿಗೆ, ಕಲಿಸಿದ ಹುಡುಗ ತಮ್ಮ ಜಾಗದಲ್ಲಿ ನಿಂತಾಗ ಸಂತೋಷದ ಜತೆ ಒಂದು ಭಯವೂ ಬರುತ್ತದೆ: ಇನ್ನು ನನ್ನನ್ನು ಯಾರು ಕೇಳುತ್ತಾರೆ? ಅವರಿಗೆ ಒಂದು ನಿಜವಾದ ಕೆಲಸ ಕೊಡಿ. ದೀಕ್ಷಾಸ್ನಾನಕ್ಕೆ ಸಿದ್ಧವಾಗುವವರ ಪಾಠ, ಹಳೆಯ ಹಾಡುಗಳನ್ನು ಮಕ್ಕಳಿಗೆ ಕಲಿಸುವುದು, ಸಾವಿನ ಮನೆಯ ಪ್ರಾರ್ಥನೆ. ಮರ್ಯಾದೆಗೆಂದು ಕೊಟ್ಟ ಖಾಲಿ ಕುರ್ಚಿ ಅವರಿಗೆ ಕೂಡಲೇ ತಿಳಿಯುತ್ತದೆ.

ಎರಡನೆಯ ಸಲವೂ ಎಲ್ಲರೆದುರು ಹಾಗೆಯೇ ಆದರೆ, ಇಬ್ಬರು ಹಿರಿಯರ ಜತೆ ಹೋಗಿ. ಆಮೇಲೆ ಪಾಸ್ಟರ್, ಅದಾದ ಮೇಲೆ ಡಿ.ಎಸ್. (ಪಾಸ್ಟರ್‌ಗಳ ಮೇಲಿನ ಡಿಸ್ಟ್ರಿಕ್ಟ್ ಸೂಪರಿಂಟೆಂಡೆಂಟ್). ಆದರೆ ವಿಷಯ ಸಭೆಯ ಹಣದ್ದೋ, ಹೆಣ್ಣುಮಕ್ಕಳ ಅಥವಾ ಮಕ್ಕಳ ಮೈಮುಟ್ಟಿದ್ದೋ ಆಗಿದ್ದರೆ ಈ ಕ್ರಮ ನಡೆಯದು. ಒಬ್ಬರೇ ಹೋಗಿ ಮಾತಾಡಬೇಡಿ. ನೇರವಾಗಿ ಮೇಲಿನವರಿಗೆ ಬರೆದು ತಿಳಿಸಿ, ಮಕ್ಕಳ ವಿಷಯವಾದರೆ ಪೊಲೀಸರಿಗೇ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098.

ಒಬ್ಬ ಗುರು ಸಾಲದು ಎಂಬುದನ್ನೂ ಈಗಲೇ ಒಪ್ಪಿಕೊಳ್ಳಿ. ಪೌಲನ ಕಿರಿಯ ಜತೆಗಾರ ತಿಮೊಥೆಯನಿಗೆ ಪೌಲನೊಬ್ಬನೇ ಇರಲಿಲ್ಲ, ವಿಶ್ವಾಸ ಮೊದಲು ಬಂದದ್ದು ಅಜ್ಜಿ ಲೋವಿ, ತಾಯಿ ಯೂನಿಕೆಯಿಂದ. ಪ್ರಸಂಗಕ್ಕೆ ಒಬ್ಬರು, ಲೆಕ್ಕ ಮತ್ತು ಆಡಳಿತಕ್ಕೆ ಒಬ್ಬರು, ಮನೆತನ ನಡೆಸುವುದರಲ್ಲಿ ಒಬ್ಬರು ಇರಲಿ. ಮೂರನೆಯವರು ಬೋಧಕರೇ ಆಗಬೇಕಿಲ್ಲ, ಐವತ್ತು ದಾಟಿದ ಒಂದು ಒಳ್ಳೆಯ ದಂಪತಿ ಸಾಕು. ಕೇಳುವಾಗ 'ನನ್ನ ಗುರುಗಳಾಗಿರಿ' ಎಂದು ಕೇಳಬೇಡಿ, ಅಷ್ಟು ದೊಡ್ಡ ಮಾತಿಗೆ ಒಳ್ಳೆಯವರು ಹಿಂಜರಿಯುತ್ತಾರೆ, ಅಧಿಕಾರ ಬಯಸುವವರು ತಟ್ಟನೆ ಒಪ್ಪುತ್ತಾರೆ. 'ಆರು ತಿಂಗಳು, ತಿಂಗಳಿಗೆ ಎರಡು ಸಲ, ಒಂದೂವರೆ ಗಂಟೆ, ಪ್ರಸಂಗ ಕಟ್ಟುವುದು ಕಲಿಸ್ರಿ' ಎಂದು ಕೇಳಿ. ಮುಗಿಯುವ ದಿನ ಗೊತ್ತಿದ್ದರೆ ಇಬ್ಬರಿಗೂ ಸಂಕೋಚವಿಲ್ಲ.

ಆ ಒಂದೂವರೆ ಗಂಟೆ ವ್ಯರ್ಥವಾಗದಿರಲು ನಿಮ್ಮ ಕಸುಬೇ ದಾರಿ ತೋರಿಸುತ್ತದೆ. ಮೋಟಾರ್ ಕಟ್ಟುವುದನ್ನು ನೀವು ಉಸ್ತಾದರ ಭಾಷಣ ಕೇಳಿ ಕಲಿಯಲಿಲ್ಲ. ಪಕ್ಕದಲ್ಲಿ ಕೂತು ಸುಟ್ಟ ಕಾಯಿಲ್ ಬಿಚ್ಚಿ ಸುತ್ತು ಎಣಿಸಿದಿರಿ, ನೀವು ಸುತ್ತಿದ್ದನ್ನು ಅವರು ಲ್ಯಾಂಪ್ ಹಚ್ಚಿ ಪರೀಕ್ಷೆ ಮಾಡಿದರು, ತಪ್ಪಿದ್ದರೆ ಬಿಚ್ಚಿಸಿದರು. ಪ್ರಸಂಗವೂ ಹಾಗೇ. ಒಂದು ಪುಟ ಬರೆದುಕೊಂಡು ಹೋಗಿ: ವಚನ ಯಾವುದು, ಅದು ಮೊದಲು ಯಾರಿಗೆ ಬರೆದದ್ದು, ನಮ್ಮ ಊರಿನವರಿಗೆ ಅದರಲ್ಲಿ ಒಂದೇ ಒಂದು ಮಾತು ಯಾವುದು. ಅವರು ಪ್ರಶ್ನೆ ಕೇಳಲಿ, ನೀವು ಬರೆದುಕೊಳ್ಳಿ. ತಿಂಗಳಿಗೊಮ್ಮೆ ಅವರ ಜತೆ ಒಂದು ಕಾಯಿಲೆ ಮನೆಗೋ ಸಾವಿನ ಮನೆಗೋ ಹೋಗಿ, ಅವರು ಎಲ್ಲಿ ಕೂರುತ್ತಾರೆ, ಯಾರನ್ನು ಮೊದಲು ಮಾತಾಡಿಸುತ್ತಾರೆ, ಯಾವಾಗ ಸುಮ್ಮನಿರುತ್ತಾರೆ ನೋಡಿ. ಇದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಹಾಗೆಯೇ, ಪ್ರತಿ ಸಣ್ಣ ಮಾತಿಗೂ ಅವರಿಗೆ ಫೋನ್ ಮಾಡಬೇಡಿ. ನಿಮ್ಮ ತೀರ್ಮಾನ ಮೊದಲು ಬರೆಯಿರಿ, ಆಮೇಲೆ ಕೇಳಿ. ಇಬ್ಬರ ನಡುವೆ ಸಾಲದ ವ್ಯವಹಾರ ಬೇಡವೇ ಬೇಡ, ಕೊಡುವುದೂ ಬೇಡ, ತರುವುದೂ ಬೇಡ.

ಕಲಬುರಗಿಯ ಬೋಧಕರ ಕರೆ ಒಳ್ಳೆಯದೂ ಇರಬಹುದು. ಆದರೆ ನೊಂದಿರುವ ಹೊತ್ತಿಗೆ, ನಿಮ್ಮ ಪಾಸ್ಟರ್‌ಗೆ ತಿಳಿಯದಂತೆ, 'ಅಲ್ಲಿ ಬಿಟ್ಟು ಬಾ' ಎಂದು ಶುರುವಾದ ಸಂಬಂಧದ ಬಗ್ಗೆ ಎಚ್ಚರವಿರಲಿ. ಅವರನ್ನು ಕೇಳಿ: ನಿಮ್ಮ ಲೆಕ್ಕ ನೋಡುವವರು ಯಾರು? ನಿಮ್ಮನ್ನು ತಿದ್ದುವವರು ಯಾರು? ನೀವು ಬೆಳೆಸಿದವರಲ್ಲಿ ಸ್ವತಂತ್ರವಾಗಿ ಬೇರೆ ಸಭೆ ನಡೆಸುತ್ತಿರುವವರ ಜತೆ ನಾನು ಮಾತಾಡಬಹುದೇ? ನಾನು ನಮ್ಮ ಸಭೆಯಲ್ಲೇ ಇದ್ದು ನಿಮ್ಮಲ್ಲಿ ಕಲಿಯಬಹುದೇ? ಕೊನೆಯ ಪ್ರಶ್ನೆಗೆ ಅವರು ಕೊಡುವ ಉತ್ತರದಲ್ಲೇ, ಅವರಿಗೆ ಬೇಕಾದದ್ದು ನಿಮ್ಮ ಬೆಳವಣಿಗೆಯೋ ನಿಮ್ಮ 22 ಜನರೋ ಎಂಬುದು ತಿಳಿಯುತ್ತದೆ.

ಇಷ್ಟಾದ ಮೇಲೆ ನಿಮ್ಮ ಮುಂದಿರುವ ದಾರಿಗಳನ್ನು ನೋಡಿ. ಹೊರೆ ಹಂಚಿಕೊಂಡು ಉಳಿಯುವುದು ನನ್ನ ಮೊದಲ ಸಲಹೆ. ಇದರ ಅಪಾಯ, ನಾಲ್ಕು ವಾರ ಹಂಚಿ ಐದನೆಯ ವಾರ ಎಲ್ಲವನ್ನೂ ಮತ್ತೆ ನೀವೇ ಎತ್ತಿಕೊಳ್ಳುವುದು. ಎರಡನೆಯದು, ಮೂರು ತಿಂಗಳು ಪ್ರಸಂಗದಿಂದ ಬಿಡುವು. ಇದನ್ನು ಪಾಸ್ಟರ್ ಬಾಯಿಂದಲೇ, ಶುರುವಾಗುವ ಮತ್ತು ಮುಗಿಯುವ ತಾರೀಖು ಸಹಿತ ಹೇಳಿಸಬೇಕು, ಇಲ್ಲದಿದ್ದರೆ 'ಪಾಪ ಮಾಡಿ ಇಳಿದ' ಎಂದು ಊರು ಮಾತಾಡುತ್ತದೆ. ಆ ಮೂರು ತಿಂಗಳೂ ಆರಾಧನೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಹೆಂಡತಿ ಮಕ್ಕಳ ಜತೆ ಕೂರಿ. ಮೂರನೆಯದು, ಪೂರ್ತಿ ಬಿಡುವುದು. ಅದೂ ಪಾಪವಲ್ಲ. ಪೌಲ, ಬಾರ್ನಬರ ಜತೆ ಸುವಾರ್ತೆ ಸಾರಲು ಹೊರಟಿದ್ದ ಯೋಹಾನನೆಂಬ ಮಾರ್ಕ ಪೆರ್ಗೆಯಲ್ಲಿ ಕೆಲಸ ಬಿಟ್ಟು ಯೆರೂಸಲೇಮಿಗೆ ಹಿಂತಿರುಗಿದ. ಅವನನ್ನು ಮತ್ತೆ ಕರೆದೊಯ್ಯುವ ವಿಷಯಕ್ಕೆ ಪೌಲ, ಬಾರ್ನಬರೇ ತೀಕ್ಷ್ಣವಾಗಿ ವಾದಿಸಿ ಬೇರೆಯಾದರು. ಬಾರ್ನಬ ಅವನನ್ನು ಕೈಬಿಡಲಿಲ್ಲ. ಕೊನೆಗೆ ಸೆರೆಯಿಂದ ಪೌಲನೇ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂದು ಬರೆದ. ಬಿಡುವುದಾದರೆ ಓಡಿಹೋಗಬೇಡಿ. ಬೀಗದ ಕೈ, ಹಾಜರಿ ಪುಸ್ತಕ, ಲೆಕ್ಕ, ಕಾಯಿಲೆಯವರ ಪಟ್ಟಿ, ದೀಕ್ಷಾಸ್ನಾನಕ್ಕೆ ಕಾದಿರುವವರ ಹೆಸರು, ಇವನ್ನು ಇಬ್ಬರ ಮುಂದೆ ಒಪ್ಪಿಸಿ ಸಹಿ ತೆಗೆದುಕೊಳ್ಳಿ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಸಾಯುವ ಯೋಚನೆ ಒಮ್ಮೆ ಬಂದರೂ, ಅದನ್ನು ವಿಶ್ವಾಸದ ಕೊರತೆ ಎಂದು ಮುಚ್ಚಿಡಬೇಡಿ. ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಕಲಬುರಗಿ, ಯಾದಗಿರಿಯವರಿಗೆ ಜಿಮ್ಸ್, ಯಿಮ್ಸ್ ಎಂಬ ಸರ್ಕಾರಿ ಆಸ್ಪತ್ರೆಗಳಿವೆ. ರಾತ್ರಿಯಾದರೂ 14416ಕ್ಕೆ ಫೋನ್ ಮಾಡಬಹುದು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಹೊಟ್ಟೆಯ ತೊಂದರೆಗೆ ಏನು ತೆಗೆದುಕೊಳ್ಳಬೇಕೆಂದು ಪೌಲನೇ ತಿಮೊಥೆಯನಿಗೆ ಬರೆದಿದ್ದಾನೆ, ಬರೀ ಪ್ರಾರ್ಥಿಸು ಎನ್ನಲಿಲ್ಲ.

ಪತ್ರದ ಕೊನೆಗೆ 'ಬೈಬಲ್ ಕಾಲೇಜಿಗೆ ಹೋಗಲೇ' ಎಂದೂ ಕೇಳಿದ್ದೀರಿ. ಈಗ ಬೇಡ. ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಂಥ ಕಡೆ ಸೇರುವುದೆಂದರೆ ವರ್ಷಗಟ್ಟಲೆ ಅಂಗಡಿ ಮುಚ್ಚಬೇಕು, ಅದಕ್ಕೆ ಸಭೆಯ ಶಿಫಾರಸೂ ಮನೆಯವರ ಒಪ್ಪಿಗೆಯೂ ಬೇಕು. ಕೆಲಸ ಮಾಡುತ್ತಲೇ ಓದಬೇಕಾದರೆ ಬೆಂಗಳೂರಿನ ಟಾಫ್ಟಿಯಂಥ ಸಂಸ್ಥೆಗಳ ದಾರಿ ಇದೆ: ಮನೆಯಲ್ಲಿ ಪಾಠ ಓದಿಕೊಂಡು ಆಗಾಗ ಒಂದು ಗುಂಪಿನಲ್ಲಿ ಕೂತು ಚರ್ಚಿಸುವುದು. ಕನ್ನಡದಲ್ಲಿ ಯಾವ ಪಾಠಗಳಿವೆ, ನಿಮ್ಮ ಕಡೆ ಗುಂಪು ನಡೆಸುವವರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ನಿಮ್ಮ ಪಾಸ್ಟರ್‌ನ ಆರು ಹಳ್ಳಿಗಳಲ್ಲೂ ನಿಮ್ಮಂಥ ಒಬ್ಬೊಬ್ಬರು ಇದ್ದೇ ಇರುತ್ತಾರೆ. ಆ ಆರು ಜನ ತಿಂಗಳಿಗೊಮ್ಮೆ ಹುಮನಾಬಾದಿನಲ್ಲಿ ಸಂತೆಯ ದಿನ ಎರಡು ಗಂಟೆ ಕೂತು ಓದಲು ಪಾಸ್ಟರ್ ಅನುಮತಿ ಕೇಳಿ. ಶುರು ಮಾಡುವುದಾದರೆ ತಿಮೊಥೆಯನಿಗೆ ಬರೆದ ಎರಡು ಪತ್ರಗಳಿಂದ ಮಾಡಿ, ಒಂದು ತಿಂಗಳಿಗೆ ಒಂದು ಅಧ್ಯಾಯ ಸಾಕು.